ವಿ.ವಿ. ಗಿರಿ: ರೈಲ್ವೆ ಕಾರ್ಮಿಕರ ಸಂಘದಿಂದ ರಾಷ್ಟ್ರಪತಿ ಭವನಕ್ಕೆ

ಕೂಡಲಸಂಗಮದ ಪ್ರೌಢಶಾಲೆಯಲ್ಲಿ ನಮ್ಮ ಬೋಧನಾಭ್ಯಾಸ ನಡೆದಿದ್ದಾಗ ಒಂದು ದಿನ ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದ ಅವಧಿ ಖಾಲಿ ಇತ್ತು. ನನ್ನ ವಿಷಯ ಗಣಿತ ಮತ್ತು ಭೌತಶಾಸ್ತ್ರ. ಆದರೂ ಮಕ್ಕಳು ಗದ್ದಲ ಮಾಡಬಾರದೆಂದು ಮಾರ್ಗದರ್ಶಕ ಶಿಕ್ಷಕರು ನನ್ನನ್ನೇ ಕಳಿಸಿದರು. ಗೋಡೆಗೆ ರಾಷ್ಟ್ರಪತಿಗಳ ಭಾವಚಿತ್ರಗಳ ಚಾರ್ಟ್ ತೂಗುಹಾಕಿದ್ದರು. ಬೇರೆ ಸಿದ್ಧತೆ ಇರಲಿಲ್ಲವಾದ್ದರಿಂದ ಅದನ್ನೇ ತೋರಿಸುತ್ತ ಒಬ್ಬೊಬ್ಬರ ಹೆಸರು ಕೇಳುತ್ತ ಹೋದೆ. ರಾಜೇಂದ್ರ ಪ್ರಸಾದ್, ರಾಧಾಕೃಷ್ಣನ್, ಜಾಕಿರ್ ಹುಸೇನ್ ಇವರ ಬಗ್ಗೆ ಮಕ್ಕಳಿಗೆ ಒಂದೊಂದು ಮಾತಾದರೂ ಗೊತ್ತಿತ್ತು. ನಾಲ್ಕನೆಯ ಚಿತ್ರದ ಬಳಿ ಬಂದಾಗ ಎಲ್ಲರೂ ಸುಮ್ಮನಾದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಅಕ್ಕೋರೇ, ಇವರು ರಾಷ್ಟ್ರಪತಿ ಆಗುವ ಮೊದಲು ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದಳು. ವಕೀಲರಿರಬೇಕು ಎಂದೆ.

ಆ ಉತ್ತರ ಅರ್ಧ ಮಾತ್ರ ಸರಿಯಾಗಿತ್ತು. ಆ ಹುಡುಗಿಯ ತಂದೆ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಡೆ ದುಡಿಯುತ್ತಾರೆಂದು ಆಮೇಲೆ ತಿಳಿಯಿತು. ಅವಳಿಗೆ ಪೂರ್ಣ ಉತ್ತರ ಕೊಡಬೇಕೆಂದು ಓದತೊಡಗಿದೆ. ಓದಿದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮಲ್ಲಿ ಜೀವನ ಚರಿತ್ರೆ ಎಂದರೆ ಹುಟ್ಟು, ಹುದ್ದೆ, ಪ್ರಶಸ್ತಿ, ಸಾವು ಎಂಬ ನಾಲ್ಕು ಸಾಲಿನ ಟಿಪ್ಪಣಿ. ಗಿರಿಯವರನ್ನು ಆ ನಾಲ್ಕು ಸಾಲಿನಲ್ಲಿ ಹಿಡಿದರೆ ಮುಖ್ಯವಾದದ್ದೆಲ್ಲ ಹೊರಗುಳಿಯುತ್ತದೆ.

ವರಾಹಗಿರಿ ವೆಂಕಟ ಗಿರಿ ಹುಟ್ಟಿದ್ದು 1894ರ ಆಗಸ್ಟ್ 10ರಂದು, ಗಂಜಾಂ ಜಿಲ್ಲೆಯ ಬರ್ಹಾಂಪುರದಲ್ಲಿ. ಆ ಊರು ಈಗ ಒಡಿಶಾದಲ್ಲಿದೆ. ಆಗ ಮದ್ರಾಸ್ ಪ್ರಾಂತದಲ್ಲಿತ್ತು. ಮನೆಮಾತು ತೆಲುಗು, ಹೊರಗೆ ಬಂದರೆ ಒಡಿಯಾ. ತಂದೆ ಜೋಗಯ್ಯ ಪಂತುಲು ಆ ಭಾಗದ ಹೆಸರಾದ ವಕೀಲರು, ಕಾಂಗ್ರೆಸ್ಸಿನ ಒಲವುಳ್ಳವರು. ಮಗನೂ ವಕೀಲನಾಗಲಿ ಎಂಬುದು ಮನೆಯವರ ಆಸೆ. ಬಡತನದಿಂದ ಮೇಲೆ ಬಂದರು ಎಂಬ ಸಾಮಾನ್ಯ ವಾಕ್ಯ ಇವರಿಗೆ ಒಪ್ಪುವುದಿಲ್ಲ. ಅನುಕೂಲಸ್ಥರ ಮನೆಯ ಹುಡುಗ ಕೂಲಿಕಾರರ ಜೊತೆ ಏಕೆ ಹೋದ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಉತ್ತರ ಐರ್ಲೆಂಡಿನಲ್ಲಿದೆ. 1913ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಗಿರಿ ಕಾನೂನು ಓದಲು ಡಬ್ಲಿನ್‌ಗೆ ಹೋದರು. ಅವರು ಹೋದ ವರ್ಷವೇ ಆ ಊರಿನಲ್ಲಿ ದೊಡ್ಡ ಬೀಗಮುದ್ರೆ ನಡೆದಿತ್ತು. ಮುಷ್ಕರ ಎಂದರೆ ಕೆಲಸಗಾರರು ಕೆಲಸ ನಿಲ್ಲಿಸುವುದು. ಬೀಗಮುದ್ರೆ ಎಂದರೆ ಮಾಲೀಕರೇ ಬಾಗಿಲು ಹಾಕಿ ಕೆಲಸಗಾರರನ್ನು ಹೊರಗಿಡುವುದು. ಜೇಮ್ಸ್ ಲಾರ್ಕಿನ್ ಎಂಬವರು ಕಟ್ಟಿದ ಸಂಘಕ್ಕೆ ಸೇರುವುದಿಲ್ಲ ಎಂದು ಬರೆದುಕೊಡಿ, ಇಲ್ಲವಾದರೆ ಕೆಲಸವಿಲ್ಲ ಎಂದು ಡಬ್ಲಿನ್ನಿನ ಮಾಲೀಕರು ಪಟ್ಟು ಹಿಡಿದಿದ್ದರು. ಸುಮಾರು 20,000 ಕಾರ್ಮಿಕರು ತಿಂಗಳುಗಟ್ಟಲೆ ಕೂಲಿಯಿಲ್ಲದೆ ಕಳೆದರು. ಲಾರ್ಕಿನ್ ಜೊತೆಗಿದ್ದ ಇನ್ನೊಬ್ಬ ನಾಯಕ ಜೇಮ್ಸ್ ಕನೊಲಿ. ದೇಶದ ಬಿಡುಗಡೆ ಬೇರೆ, ಕೂಲಿಯವನ ಬಿಡುಗಡೆ ಬೇರೆ ಅಲ್ಲ ಎಂಬುದು ಆತನ ನಿಲುವು. ಗಿರಿಯವರ ಮುಂದಿನ ಅರುವತ್ತು ವರ್ಷಗಳ ಮೂಲ ಇದೇ ಎಂದು ನನಗೆ ಅನಿಸುತ್ತದೆ.

1914ರಲ್ಲಿ ಲಂಡನ್ನಿಗೆ ಬಂದಿದ್ದ ಗಾಂಧೀಜಿಯನ್ನು ಗಿರಿ ಕಂಡರು. ಯುದ್ಧ ಶುರುವಾಗಿತ್ತು. ಗಾಯಾಳುಗಳ ಸೇವೆಗೆ ಬರುವಂತೆ ಗಾಂಧೀಜಿ ಭಾರತೀಯ ವಿದ್ಯಾರ್ಥಿಗಳನ್ನು ಕರೆದಾಗ ಗಿರಿ ಮೊದಲು ಒಪ್ಪಿ ಆಮೇಲೆ ಹಿಂದೆ ಸರಿದರು. ಡಬ್ಲಿನ್ನಿನ ಗಾಳಿ ಆಗಲೇ ತಲೆಗೆ ಹತ್ತಿತ್ತು.

ಶಿಕ್ಷಕರಾಗಲಿರುವ ನಾವು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಅವರ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ಥಾಮಸ್ ಮ್ಯಾಕ್‌ಡೊನಾ ಎಂಬ ಕವಿ. 1916ರ ಏಪ್ರಿಲ್‌ನಲ್ಲಿ, ಈಸ್ಟರ್ ಹಬ್ಬದ ವಾರ, ಐರಿಷ್ ಸ್ವಾತಂತ್ರ್ಯವಾದಿಗಳು ಬ್ರಿಟಿಷರ ವಿರುದ್ಧ ಬಂಡೆದ್ದರು. ಗಣರಾಜ್ಯ ಘೋಷಣೆಗೆ ಸಹಿ ಮಾಡಿದ ಏಳು ಜನರಲ್ಲಿ ಈ ಮೇಷ್ಟರೂ ಒಬ್ಬರು. ಮೇ 3ರಂದು ಅವರನ್ನು ಗುಂಡಿಟ್ಟು ಕೊಂದರು. ಕನೊಲಿಗೆ ಗಾಯಗಳಿಂದ ನಿಲ್ಲಲೂ ಆಗುತ್ತಿರಲಿಲ್ಲ. ಮೇ 12ರಂದು ಕುರ್ಚಿಯಲ್ಲಿ ಕೂರಿಸಿ ಗುಂಡು ಹೊಡೆದರು. ತರಗತಿಯಲ್ಲಿ ಪಾಠ ಹೇಳುತ್ತಿದ್ದವರು ಹೀಗೆ ಹೋದದ್ದನ್ನು ಇಪ್ಪತ್ತೊಂದು ವರ್ಷದ ಹುಡುಗ ಕಂಡ. ಭಾರತೀಯ ವಿದ್ಯಾರ್ಥಿಗಳ ಮೇಲೂ ಪೊಲೀಸರ ಕಣ್ಣು ಬಿತ್ತು. ವಕೀಲಿಗೆ ಅರ್ಹತೆ ಪಡೆದ ಬೆನ್ನಿಗೇ, ಅದೇ ವರ್ಷದ ನಡುವಿನಲ್ಲಿ, ಗಿರಿ ಆ ದೇಶ ಬಿಡಬೇಕಾಯಿತು.

ಊರಿಗೆ ಬಂದು ವಕೀಲಿ ಶುರು ಮಾಡಿದರು. ಕೆಲಸ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ 1920ರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕೋರ್ಟು ಬಿಟ್ಟರು. 1922ರಲ್ಲಿ ಸಾರಾಯಿ ಅಂಗಡಿಗಳ ಮುಂದೆ ಪ್ರತಿಭಟಿಸಿ ಜೈಲಿಗೆ ಹೋದರು. ಇಷ್ಟು ಆ ಕಾಲದ ಬಹಳಷ್ಟು ವಕೀಲರ ಕಥೆಯೇ. ಗಿರಿ ಬೇರೆಯಾದದ್ದು ಇದರ ನಂತರ, ರೈಲ್ವೆಯಲ್ಲಿ.

ಆಗಿನ ರೈಲುಗಳನ್ನು ಬಹುಮಟ್ಟಿಗೆ ಕಂಪನಿಗಳು ಓಡಿಸುತ್ತಿದ್ದವು. ಬಾಗಲಕೋಟೆ, ಬಾದಾಮಿಯ ಮೇಲೆ ಹಾಯುವ ನಮ್ಮ ಗದಗ–ಹೊಟಗಿ ಮಾರ್ಗ ಮದ್ರಾಸ್ ಅಂಡ್ ಸದರ್ನ್ ಮರಾಠಾ ಕಂಪನಿಯ ಕೈಯಲ್ಲಿತ್ತು. ಗಿರಿಯವರ ಸೀಮೆಯಲ್ಲಿ ಬಂಗಾಳ–ನಾಗಪುರ ರೈಲ್ವೆ. ಹಳಿ ಕಾಯುವ ಗ್ಯಾಂಗ್‌ಮನ್, ಕಲ್ಲಿದ್ದಲು ತುಂಬುವ ಫೈರ್‌ಮನ್, ವರ್ಕ್‌ಶಾಪಿನ ಫಿಟ್ಟರ್, ಪಾಯಿಂಟ್ಸ್‌ಮನ್ ಇವರೆಲ್ಲ ಒಂದೇ ಕಂಪನಿಯ ನೌಕರರಾದರೂ ನೂರಾರು ಮೈಲಿ ಉದ್ದಕ್ಕೂ ಚದುರಿಹೋದವರು. ಕಾಪಡಾ ಗಿರಣಿಯ ಕೆಲಸಗಾರರು ಒಂದೇ ಗೇಟಿನಲ್ಲಿ ಒಳಗೆ ಹೋಗಿ ಒಂದೇ ಗೇಟಿನಲ್ಲಿ ಹೊರಗೆ ಬರುತ್ತಾರೆ. ರೈಲ್ವೆಯವರನ್ನು ಒಟ್ಟು ಸೇರಿಸಬೇಕಾದರೆ ಸಂಘದವನೇ ಸ್ಟೇಷನ್ನಿಂದ ಸ್ಟೇಷನ್ನಿಗೆ ಹೋಗಬೇಕು. ಗಿರಿ ಅದನ್ನು ಮಾಡಿದರು. 1920ರ ದಶಕದಲ್ಲಿ ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟ ಕಟ್ಟಿದವರಲ್ಲಿ ಅವರು ಒಬ್ಬರು; ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದರ ಪ್ರಧಾನ ಕಾರ್ಯದರ್ಶಿಯಾಗಿದ್ದರು.

1926ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಅದೇ ವರ್ಷ ಕಾರ್ಮಿಕ ಸಂಘಗಳ ಕಾಯ್ದೆ ಬಂತು. ಏಳು ಜನ ಸದಸ್ಯರು ಸೇರಿ ಸಹಿ ಮಾಡಿದರೆ ಸಂಘದ ನೋಂದಣಿಗೆ ಅರ್ಜಿ ಹಾಕಬಹುದು ಎಂದು ಆ ಕಾಯ್ದೆ ಹೇಳಿತು. ಅದಕ್ಕೆ ಮುಂಚೆ ಸಂಘ ಕಟ್ಟಿ ಮುಷ್ಕರಕ್ಕೆ ಕರೆ ಕೊಟ್ಟವರ ಮೇಲೆ ಒಳಸಂಚಿನ ಮೊಕದ್ದಮೆ ಹಾಕಲು ಅವಕಾಶವಿತ್ತು. ಹಾಗೆ ನೋಡಿದರೆ ಏಳು ಎಂಬುದು ಸಣ್ಣ ಸಂಖ್ಯೆಯಲ್ಲ.

ಮರುವರ್ಷ ಬಂಗಾಳ–ನಾಗಪುರ ರೈಲ್ವೆಯಲ್ಲಿ ಕೆಲಸಗಾರರನ್ನು ಕಡಿಮೆ ಮಾಡುವ ನಿರ್ಧಾರ ಬಂತು. ಆ ರೈಲ್ವೆಯ ದೊಡ್ಡ ವರ್ಕ್‌ಶಾಪು ಖರಗ್‌ಪುರದಲ್ಲಿತ್ತು. ಕೆಲಸ ಕಳೆದುಕೊಂಡವರ ಪರವಾಗಿ ಉಳಿದವರು ಕೆಲಸ ನಿಲ್ಲಿಸಿದರು. ನಾಳೆ ತಮ್ಮ ಸರದಿ ಎಂಬ ಭಯ ಅವರಿಗೂ ಇತ್ತು. ಆದರೂ ತಮ್ಮ ಕೂಲಿ ಬಿಟ್ಟು ಇನ್ನೊಬ್ಬರಿಗಾಗಿ ಹೊರಗೆ ಕೂತರು. ಗಿರಿ ಮುಂದೆ ನಿಂತು ನಡೆಸಿದ ಆ ಮುಷ್ಕರ ಶಾಂತಿಯಿಂದಲೇ ನಡೆಯಿತು. ಕೊನೆಗೆ ಕಂಪನಿ ಮತ್ತು ಸರ್ಕಾರ ಮಾತುಕತೆಗೆ ಬಂದು ಬೇಡಿಕೆಗಳನ್ನು ಒಪ್ಪಿಕೊಳ್ಳಬೇಕಾಯಿತು. ನಮ್ಮ ದೇಶದ ಕಾರ್ಮಿಕ ಚಳವಳಿಯಲ್ಲಿ ಇದನ್ನು ದೊಡ್ಡ ಮೈಲಿಗಲ್ಲು ಎಂದು ಎಣಿಸುತ್ತಾರೆ. ಅದೇ 1927ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೆ, 1931ರಲ್ಲಿ ಲಂಡನ್ನಿನ ಎರಡನೆಯ ದುಂಡುಮೇಜಿನ ಪರಿಷತ್ತಿಗೆ ಕಾರ್ಮಿಕರ ಪ್ರತಿನಿಧಿಯಾಗಿ ಹೋದರು. ನಡುವೆ 1929ರಲ್ಲಿ ಟ್ರೇಡ್ ಯೂನಿಯನ್ ಕಾಂಗ್ರೆಸ್ ಒಡೆಯಿತು. ಎನ್.ಎಂ. ಜೋಶಿಯವರ ಜೊತೆ ಗಿರಿಯವರೂ ಹೊರಗೆ ಬಂದು ಬೇರೆ ಸಂಘಟನೆ ಕಟ್ಟಿದರು. ಹತ್ತು ವರ್ಷದ ಮೇಲೆ ಎರಡೂ ಮತ್ತೆ ಕೂಡಿದವು. 1942ರಲ್ಲಿ ಇವರೇ ಮತ್ತೊಮ್ಮೆ ಅಧ್ಯಕ್ಷರಾದರು. ಕಾರ್ಮಿಕರ ಒಗ್ಗಟ್ಟಿನ ಮಾತಾಡುವವರೇ ಒಡೆದುಕೊಳ್ಳುವ ಈ ಕಾಯಿಲೆ ಆಗಲೂ ಇತ್ತು.

1937ರ ಪ್ರಾಂತೀಯ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಬೊಬ್ಬಿಲಿಯ ರಾಜನ ವಿರುದ್ಧ ನಿಲ್ಲಿಸಿತು. ರಾಜ ಸಾಮಾನ್ಯನಲ್ಲ, ಮದ್ರಾಸ್ ಪ್ರಾಂತದ ಮುಖ್ಯಮಂತ್ರಿ ಸ್ಥಾನದಲ್ಲಿ ಕೂತಿದ್ದವನು, ಜಸ್ಟಿಸ್ ಪಕ್ಷದ ನಾಯಕ. ಅವನ ಸ್ವಂತ ಸಂಸ್ಥಾನದಲ್ಲೇ ಗಿರಿ ಅವನನ್ನು ಸೋಲಿಸಿದರು. ರಾಜಾಜಿ ಮಂತ್ರಿಮಂಡಲದಲ್ಲಿ ಕಾರ್ಮಿಕ ಮತ್ತು ಕೈಗಾರಿಕಾ ಖಾತೆ ಸಿಕ್ಕಿತು. ನಮ್ಮ ಹುನಗುಂದ, ಬಾದಾಮಿ, ಬಾಗಲಕೋಟೆ ಆಗ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿದ್ದವು. ಆದರೆ ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದ್ರಾಸಿನಲ್ಲಿದ್ದವು. ಮಂಗಳೂರಿನ ಹಂಚಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಕನ್ನಡ, ತುಳು ಜನರಿಗೆ ಗಿರಿಯವರೇ ಕಾರ್ಮಿಕ ಮಂತ್ರಿ. ಯುದ್ಧದ ವಿಷಯದಲ್ಲಿ 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟಾಗ ಹೊರಬಂದರು. ಮುಂದೆ ವೆಲ್ಲೂರು, ಅಮರಾವತಿ ಜೈಲುಗಳಲ್ಲಿ 1945ರವರೆಗೆ ಇದ್ದರು. ಇತ್ತ ಮನೆಯಲ್ಲಿ ಪತ್ನಿ ಸರಸ್ವತಿಬಾಯಿ ಮತ್ತು ದೊಡ್ಡ ಸಂಸಾರ. ಅವರಿಗೆ ಹದಿನಾಲ್ಕು ಮಕ್ಕಳು. ದೊಡ್ಡವರ ಜೀವನ ಚರಿತ್ರೆಗಳಲ್ಲಿ ಈ ಭಾಗಕ್ಕೆ ಒಂದು ಸಾಲೂ ಸಿಗುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1951ರವರೆಗೆ ಸಿಲೋನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದರು. 1952ರಲ್ಲಿ ಪಾತಪಟ್ನಂ ಕ್ಷೇತ್ರದಿಂದ ಲೋಕಸಭೆಗೆ ಗೆದ್ದು ನೆಹರು ಮಂತ್ರಿಮಂಡಲದಲ್ಲಿ ಕಾರ್ಮಿಕ ಸಚಿವರಾದರು. ಇಲ್ಲಿ ಅವರು ಹಿಡಿದ ದಾರಿಗೆ ಗಿರಿ ಮಾರ್ಗ ಎಂದೇ ಹೆಸರು ಬಿತ್ತು. ಅದನ್ನು ಮಕ್ಕಳಿಗೆ ಹೇಳುವಾಗ ನಾನು ಮಗ್ಗದ ಉದಾಹರಣೆ ತೆಗೆದುಕೊಂಡೆ. ಸೀರೆ ನೇಯುವವನಿಗೂ ನೇಯಿಸುವ ಸಾಹುಕಾರನಿಗೂ ಕೂಲಿಯ ವಿಷಯದಲ್ಲಿ ತಕರಾರು ಬಂತೆನ್ನಿ. ಸರ್ಕಾರ ನಡುವೆ ಬಂದು ನ್ಯಾಯಮಂಡಳಿ ಕೂರಿಸಿ ಇಷ್ಟು ಕೊಡು ಎಂದು ತೀರ್ಪು ಹೇಳಬಹುದು. ಅಥವಾ ನೇಕಾರರು ಒಟ್ಟಾಗಿ ಸಾಹುಕಾರನ ಎದುರು ಕೂತು ತಾವೇ ದರ ಗೊತ್ತುಮಾಡಿಕೊಳ್ಳಬಹುದು. ಗಿರಿಗೆ ಎರಡನೆಯದು ಬೇಕಿತ್ತು. ಪ್ರತಿಯೊಂದಕ್ಕೂ ನ್ಯಾಯಮಂಡಳಿಗೆ ಓಡುವ ಸಂಘ ಎಂದೂ ಬಲಿಯುವುದಿಲ್ಲ, ವಕೀಲರು ಮಾತ್ರ ಬಲಿಯುತ್ತಾರೆ ಎಂಬುದು ಅವರ ವಾದದ ತಿರುಳು. ಸ್ವತಃ ವಕೀಲರಾದವರು ಹೀಗೆ ಯೋಚಿಸಿದ್ದು ವಿಶೇಷ. ಆದರೆ ಸಂಘವೇ ಇಲ್ಲದ ಕಡೆ ಯಾರು ಯಾರ ಎದುರು ಕೂರುವುದು? ಸರ್ಕಾರದಲ್ಲಿ ಉಳಿದವರು ಕಡ್ಡಾಯ ತೀರ್ಪಿನ ದಾರಿಯೇ ಸುರಕ್ಷಿತ ಎಂದರು. ಅವರ ಮಾತೇ ನಡೆಯಿತು.

ಮುಂದಿನ ಜಗಳ ಬ್ಯಾಂಕ್ ನೌಕರರದ್ದು. ನೌಕರರ ಸಂಬಳದ ವಿಷಯದಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿ ಕೊಟ್ಟ ತೀರ್ಪನ್ನು 1954ರಲ್ಲಿ ಸರ್ಕಾರ ಬದಲಿಸಿ, ಸಿಗಬೇಕಾದ್ದನ್ನು ಕಡಿಮೆ ಮಾಡಿತು. ಕಾರ್ಮಿಕ ಸಚಿವರಾಗಿ ಗಿರಿ ಇದನ್ನು ಒಪ್ಪಲಿಲ್ಲ. ರಾಜೀನಾಮೆ ಕೊಟ್ಟು ಹೊರಗೆ ನಡೆದರು. ಆಗ ಹಣಕಾಸು ಸಚಿವರಾಗಿದ್ದವರು ಸಿ.ಡಿ. ದೇಶಮುಖ್. ಈ ಹೆಸರು ನೆನಪಿಡಿ, ಹದಿನೈದು ವರ್ಷದ ನಂತರ ಮತ್ತೆ ಬರುತ್ತದೆ.

1957ರಲ್ಲಿ ಒಂದು ಸೋಲಾಯಿತು. ಗಿರಿಯವರನ್ನು ಹೊಗಳಿ ಬರೆದ ಪುಟಗಳಲ್ಲಿ ಇದನ್ನು ಬೇಗ ದಾಟಿಬಿಡುತ್ತಾರೆ, ನಾನು ದಾಟುವುದಿಲ್ಲ. ಪಾರ್ವತೀಪುರಂ ಆಗ ಎರಡು ಸ್ಥಾನಗಳ ಕ್ಷೇತ್ರ, ಒಂದು ಸಾಮಾನ್ಯ, ಒಂದು ಪರಿಶಿಷ್ಟ ಪಂಗಡಕ್ಕೆ ಮೀಸಲು. ಎಣಿಸಿ ನೋಡಿದರೆ ಹೆಚ್ಚು ಮತ ಪಡೆದ ಇಬ್ಬರೂ ಪರಿಶಿಷ್ಟ ಪಂಗಡದ ಅಭ್ಯರ್ಥಿಗಳು. ಇಬ್ಬರೂ ಗೆದ್ದರೆಂದು ಘೋಷಣೆಯಾಯಿತು. ಮೀಸಲು ಅಭ್ಯರ್ಥಿಯಾಗಿ ನಿಂತವನು ಸಾಮಾನ್ಯ ಸ್ಥಾನ ತೆಗೆದುಕೊಳ್ಳುವಂತಿಲ್ಲ ಎಂದು ಗಿರಿ ಮೊಕದ್ದಮೆ ಹೂಡಿದರು. 1959ರಲ್ಲಿ ಸುಪ್ರೀಂ ಕೋರ್ಟ್ ಅವರ ವಾದ ತಳ್ಳಿಹಾಕಿತು. ಸಾಮಾನ್ಯ ಸ್ಥಾನ ಎಂದರೆ ಎಲ್ಲರದ್ದೂ, ಹೆಚ್ಚು ಮತ ಬಿದ್ದರೆ ಆದಿವಾಸಿಯೂ ಅದನ್ನು ಗೆಲ್ಲಬಹುದು ಎಂಬುದು ಅಲ್ಲಿಗೆ ಗಟ್ಟಿಯಾಯಿತು. ಡಬ್ಲಿನ್ ಕಂಡು ಬಂದವರು, ಖರಗ್‌ಪುರದ ಕೂಲಿಗಳ ಜೊತೆ ನಿಂತವರು ಈ ಮೊಕದ್ದಮೆ ಹಾಕಬಾರದಿತ್ತು ಎಂದು ನನಗನ್ನಿಸಿತು. ಅವರು ಸೋತದ್ದು ದೇಶಕ್ಕೆ ಒಳ್ಳೆಯದೇ ಆಯಿತು.

ತೀರ್ಪು ಬರುವ ಹೊತ್ತಿಗೆ ಅವರು ಉತ್ತರ ಪ್ರದೇಶದ ರಾಜ್ಯಪಾಲರಾಗಿದ್ದರು. 1960ರಿಂದ ಕೇರಳ, 1965ರ ಏಪ್ರಿಲ್‌ನಿಂದ 1967ರ ಮೇವರೆಗೆ ನಮ್ಮ ಮೈಸೂರು ರಾಜ್ಯ. ಆಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಬೆಳಗಾವಿ ಗಡಿ ತಕರಾರಿಗೆ ಮಹಾಜನ ಆಯೋಗ ನೇಮಕವಾದದ್ದು ಇದೇ ಅವಧಿಯಲ್ಲಿ, 1966ರಲ್ಲಿ. ಬೆಂಗಳೂರಿನ ರಾಜಭವನದಿಂದ ಅವರು ನೇರವಾಗಿ ಉಪರಾಷ್ಟ್ರಪತಿಯಾಗಿ ದೆಹಲಿಗೆ ಹೋದರು. ಎರಡೇ ವರ್ಷದಲ್ಲಿ ರಾಜ್ಯಪಾಲರೂ ಮುಖ್ಯಮಂತ್ರಿಯೂ ಎದುರುಬದುರಾಗುತ್ತಾರೆಂದು ಆಗ ಯಾರೂ ಎಣಿಸಿರಲಾರರು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಜುಲೈ ತಿಂಗಳಲ್ಲಿ ಕಾಂಗ್ರೆಸ್ಸಿನ ಹಿರಿಯರು ಬೆಂಗಳೂರಿನಲ್ಲಿ ಸೇರಿದರು. ಪಕ್ಷದ ಅಧ್ಯಕ್ಷರು ಅದೇ ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಎಂದು ತೀರ್ಮಾನಿಸಿದರು. ಮರುದಿನವೇ ಗಿರಿ ತಾವು ಸ್ವತಂತ್ರವಾಗಿ ನಿಲ್ಲುವುದಾಗಿ ಹೇಳಿದರು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಅವರ ಮುಂದೆ ಬಂತು. ಸಹಿ ಹಾಕಿದರು. ಆ ಹದಿನಾಲ್ಕರಲ್ಲಿ ನಮ್ಮ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಎರಡೂ ಇದ್ದವು. ಬ್ಯಾಂಕ್ ನೌಕರರಿಗಾಗಿ ಒಮ್ಮೆ ಹುದ್ದೆ ಬಿಟ್ಟವರು ಬ್ಯಾಂಕುಗಳನ್ನೇ ಸರ್ಕಾರದ ವಶಕ್ಕೆ ತರುವ ಕಾಗದಕ್ಕೆ ಸಹಿ ಮಾಡಿ, ಮರುದಿನ ಈ ಹುದ್ದೆಯನ್ನೂ ಬಿಟ್ಟರು. ಮನುಷ್ಯ ಚಂದ್ರನ ಮೇಲೆ ಇಳಿದದ್ದೂ ಆ ರಾತ್ರಿಯೇ. ನಮ್ಮ ಗಡಿಯಾರದ ಪ್ರಕಾರ ಆಗಲೇ 21ನೇ ತಾರೀಖು ಹುಟ್ಟಿತ್ತು. ರಾಷ್ಟ್ರಪತಿಯೂ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ ಎಂಬ ಸ್ಥಿತಿಯಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಒಂದು ತಿಂಗಳ ಮೇಲೆ ಆ ಸ್ಥಾನ ನೋಡಿಕೊಂಡರು.

ಇಂದಿರಾ ಗಾಂಧಿ ಸ್ವಂತ ಪಕ್ಷದ ಅಭ್ಯರ್ಥಿಗೆ ಮತ ಹಾಕಿ ಎಂದು ಸದಸ್ಯರಿಗೆ ಆಜ್ಞೆ ಕೊಡಲು ಒಪ್ಪಲಿಲ್ಲ. ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು. ಅದರ ಅರ್ಥ ಗಿರಿಗೆ ಹಾಕಿ ಎಂದು ಎಲ್ಲರಿಗೂ ತಿಳಿಯಿತು. ಜನಸಂಘ, ಸ್ವತಂತ್ರ ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶಮುಖ್. ಒಟ್ಟು 15 ಜನ ಕಣದಲ್ಲಿದ್ದರು. ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ.

ಈ ಎಣಿಕೆಯನ್ನು ನಾನು ಗಣಿತದ ಪಾಠವನ್ನಾಗಿಯೇ ಮಾಡಿದೆ, ಅಲ್ಲೊಂದು ತಪ್ಪೂ ಮಾಡಿದೆ. ಕಪ್ಪುಹಲಗೆಯ ಮೇಲೆ ಬರೆದದ್ದು: ಸಿಂಧುವಾದ ಮತಗಳ ಒಟ್ಟು ಮೌಲ್ಯ 8,36,337. ಗಿರಿ 4,01,515. ರೆಡ್ಡಿ 3,13,548. ದೇಶಮುಖ್ 1,12,769. ಉಳಿದವರಿಗೆಲ್ಲ ಸೇರಿ 8,505. ಗೆದ್ದವರು ಯಾರು ಎಂದು ಕೇಳಿದೆ. ಗಿರಿ ಎಂದು ಮಕ್ಕಳು ಕೂಗಿದರು. ಸರಿ ಎಂದುಬಿಟ್ಟೆ. ಮುಂದಿನ ಬೆಂಚಿನ ಹುಡುಗನೊಬ್ಬ ನೋಟ್‌ಬುಕ್ಕಿನಲ್ಲಿ ಭಾಗಿಸಿ, ಅರ್ಧ ಎಂದರೆ 4,18,000ಕ್ಕಿಂತ ಜಾಸ್ತಿ ಆಗುತ್ತದೆ, ಇವರು ಅರ್ಧಕ್ಕೆ ಮುಟ್ಟಿಲ್ಲವಲ್ಲ ಎಂದ. ಅವನೇ ಸರಿ. ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಇದ್ದರೆ ಸಾಲದು, ಅರ್ಧವನ್ನು ದಾಟಬೇಕು. ಬೇಕಾದ ಸಂಖ್ಯೆ 4,18,169. ಗಿರಿಗೆ ಇನ್ನೂ 16,654 ಕಡಿಮೆ. ಶೇಕಡಾ ಲೆಕ್ಕದಲ್ಲಿ ಅವರು 48ರಲ್ಲಿ ನಿಂತಿದ್ದರು.

ಆಗ ಕೆಳಗಿನಿಂದ ಒಬ್ಬೊಬ್ಬರನ್ನೇ ತೆಗೆದು, ಅವರ ಮತಪತ್ರಗಳಲ್ಲಿ ಎರಡನೆಯ ಆಯ್ಕೆ ಯಾರೆಂದು ನೋಡಿ ಹಂಚುತ್ತಾರೆ. ಕೊನೆಗೆ ದೇಶಮುಖ್‌ರನ್ನೂ ತೆಗೆದರು. ಹಂಚಿಕೆಯೆಲ್ಲ ಮುಗಿದಾಗ ರೆಡ್ಡಿಗೆ 91,879 ಹೆಚ್ಚು ಬಂದಿತ್ತು, ಗಿರಿಗೆ 18,562 ಮಾತ್ರ. ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಎದುರಾಳಿಗೆ ಹೋದರೂ ಗಿರಿಗೆ ಆ ಒಂದು ಪಾಲೇ ಸಾಕಾಯಿತು. ಗಿರಿ 4,20,077, ರೆಡ್ಡಿ 4,05,427. ಎರಡನ್ನೂ ಕೂಡಿದರೆ ಮೊದಲಿನ ಒಟ್ಟು ಬರುವುದಿಲ್ಲ, 10,833 ಕಡಿಮೆ ಬೀಳುತ್ತದೆ. ಮುಂದಿನ ಆಯ್ಕೆ ಗುರುತಿಸದೆ ಬಿಟ್ಟ ಮತಗಳು ಹಾಗೆ ಹೊರಗುಳಿದವು. ಈ ವ್ಯತ್ಯಾಸ ಎಲ್ಲಿ ಹೋಯಿತು ಎಂದು ಮಕ್ಕಳೇ ಹುಡುಕಿದರು. ಪಾಠ ವೀಕ್ಷಿಸಿದ ನಮ್ಮ ಉಪನ್ಯಾಸಕರು ಪಾಠಯೋಜನೆಯ ಅಂಚಿನಲ್ಲಿ ಸಮಾಜ ವಿಜ್ಞಾನ ಹೆಚ್ಚಾಯಿತು ಎಂದು ಬರೆದರು. ಆದರೂ ಶೇಕಡಾವಾರು ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸ್ವತಂತ್ರ ಅಭ್ಯರ್ಥಿಯಾಗಿ ನಿಂತು ರಾಷ್ಟ್ರಪತಿಯಾದವರು ಗಿರಿಯೊಬ್ಬರೇ. ಅದೇ ವರ್ಷದ ನವೆಂಬರ್‌ನಲ್ಲಿ ಕಾಂಗ್ರೆಸ್ ಎರಡಾಯಿತು. ನಿಜಲಿಂಗಪ್ಪನವರು ಒಂದು ಕಡೆ, ಇಂದಿರಾ ಒಂದು ಕಡೆ. ರೆಡ್ಡಿಯವರ ಬಗ್ಗೆ ಕೆಟ್ಟದಾಗಿ ಬರೆದ ಕರಪತ್ರ ಹಂಚಿದ್ದರೆಂದು ಚುನಾವಣೆಯ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ದಾವೆ ಬಿತ್ತು. 1970ರಲ್ಲಿ ಗಿರಿ ತಾವೇ ಕೋರ್ಟಿಗೆ ಬಂದು ಸಾಕ್ಷಿ ಹೇಳಿದರು. ಅಧಿಕಾರದಲ್ಲಿರುವ ರಾಷ್ಟ್ರಪತಿ ಹಾಗೆ ಬಂದದ್ದು ಅದೇ ಮೊದಲು. ದಾವೆ ವಜಾ ಆಯಿತು.

ರಾಷ್ಟ್ರಪತಿಯಾಗಿ ಅವರು ಸರ್ಕಾರ ಕಳಿಸಿದ ಕಾಗದಗಳನ್ನು ತಡೆದದ್ದು ಕಾಣುವುದಿಲ್ಲ. ಅದಕ್ಕಾಗಿ ಟೀಕೆಯೂ ಬಂತು. ಅವರ ಅಂಕಿತ ಬಿದ್ದ ಕಾಯ್ದೆಗಳಲ್ಲಿ ನಮಗೆ ಬೇಕಾದದ್ದೂ ಒಂದಿದೆ. ಮೈಸೂರು ರಾಜ್ಯದ ಹೆಸರು ಬದಲಿಸುವ 1973ರ ಕಾಯ್ದೆ ಅವರ ಕಾಲದ್ದು. ಆ ನವೆಂಬರ್ 1ರಿಂದ ನಾವು ಕರ್ನಾಟಕದವರಾದೆವು. ಒಂದು ಕಾಲದಲ್ಲಿ ಆ ಮೈಸೂರಿನ ರಾಜ್ಯಪಾಲರಾಗಿದ್ದವರ ಕೈಯಿಂದಲೇ ಆ ಹೆಸರು ಹೋಯಿತು.

ಇನ್ನು 1974ರ ಮಾತು. ಗಿರಿ ಕಟ್ಟಿದ್ದ ರೈಲ್ವೆ ನೌಕರರ ಒಕ್ಕೂಟಕ್ಕೆ ಆಗ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ರೈಲು ಓಡಿಸುವವರಿಗೆ ಎಂಟು ಗಂಟೆಯ ದುಡಿಮೆ, ಬೋನಸ್, ಇತರ ಸರ್ಕಾರಿ ಉದ್ದಿಮೆಗಳಷ್ಟು ಸಂಬಳ ಎಂಬವು ಬೇಡಿಕೆಗಳು. ಮಾತುಕತೆ ನಡೆದಿರುವಾಗಲೇ ಮೇ 2ರಂದು ಫರ್ನಾಂಡಿಸ್‌ರನ್ನು ಬಂಧಿಸಿದರು. ಮೇ 8ರಂದು ದೇಶದ ಉದ್ದಗಲಕ್ಕೂ ಮುಷ್ಕರ ಶುರುವಾಯಿತು. ಲಕ್ಷಗಟ್ಟಲೆ ನೌಕರರು ಕೆಲಸ ಬಿಟ್ಟರು. 1971ರ ಯುದ್ಧಕ್ಕೆಂದು ಗಿರಿಯವರ ಸಹಿಯಿಂದ ಘೋಷಣೆಯಾಗಿದ್ದ ತುರ್ತುಸ್ಥಿತಿ ಇನ್ನೂ ಹಿಂದಕ್ಕೆ ಹೋಗಿರಲಿಲ್ಲ. ಆ ಕಾಲದ ಭಾರತ ರಕ್ಷಣಾ ನಿಯಮಗಳನ್ನೇ ಬಳಸಿ ಮುಷ್ಕರ ಕಾನೂನುಬಾಹಿರ ಎಂದರು. ಸಾವಿರಾರು ಜನ ಜೈಲಿಗೆ ಹೋದರು. ಸಾವಿರಾರು ಜನರ ಕೆಲಸ ಹೋಯಿತು, ಕ್ವಾರ್ಟರ್ಸ್‌ಗಳಿಂದ ಸಂಸಾರಗಳನ್ನು ಹೊರಹಾಕಿದರು. ಮುಷ್ಕರದ ನಡುವೆಯೇ, ಮೇ 18ರಂದು, ಪೋಖರಣದಲ್ಲಿ ಅಣುಸ್ಫೋಟ ನಡೆಯಿತು. ಭೌತಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಆ ತಾರೀಖು ಬಾಯಿಪಾಠ. ಅದರ ಆಚೀಚೆಯ ವಾರಗಳಲ್ಲಿ ಏನಾಗಿತ್ತೆಂದು ಮಾತ್ರ ಈಗ ತಿಳಿಯಿತು. ಇಪ್ಪತ್ತು ದಿನಕ್ಕೆ ಮುಷ್ಕರ ಮುರಿದುಬಿತ್ತು. ಕೆಲಸ ಕಳೆದುಕೊಂಡ ಬಹಳ ಜನಕ್ಕೆ 1977ರಲ್ಲಿ ಸರ್ಕಾರ ಬದಲಾದ ಮೇಲಷ್ಟೇ ಮರಳಿ ಸಿಕ್ಕಿತು.

ಆ ಇಪ್ಪತ್ತು ದಿನವೂ ರಾಷ್ಟ್ರಪತಿ ಭವನದಲ್ಲಿದ್ದವರು ವಿ.ವಿ. ಗಿರಿ. ಬಂಧನ, ವಜಾ ಎಲ್ಲ ನಡೆದದ್ದು ಅವರ ಹೆಸರಿನ ಸರ್ಕಾರದಿಂದ.

ಇದನ್ನು ಹೇಳಿದಾಗ ಆ ಹಿಂದಿನ ಬೆಂಚಿನ ಹುಡುಗಿ ಮತ್ತೆ ಎದ್ದಳು. 1954ರಲ್ಲಿ ಬ್ಯಾಂಕಿನವರಿಗಾಗಿ ರಾಜೀನಾಮೆ ಕೊಟ್ಟಿದ್ದರಲ್ಲ, ರೈಲಿನವರಿಗಾಗಿ ಏಕೆ ಕೊಡಲಿಲ್ಲ ಎಂದಳು. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು ಎಂದು ಸಂವಿಧಾನದ ಮಾತು ಹೇಳಿದೆ. ಸಲಹೆಯಂತೆ ನಡೆಯಬೇಕು ಸರಿ, ಬಿಟ್ಟುಹೋಗಲಿಕ್ಕೆ ಯಾರ ಸಲಹೆಯೂ ಬೇಡವಲ್ಲ ಎಂದಳು. ಅವರ ಅವಧಿ ಮುಗಿಯಲು ಇನ್ನು ಮೂರು ತಿಂಗಳು ಮಾತ್ರ ಇತ್ತು ಎಂದೆ. ಹಾಗಾದರೆ ಇನ್ನೂ ಸುಲಭವಿತ್ತು ಎಂದು ಕೂತಳು. ನಾನು ಪುಸ್ತಕ ಮಡಚಿ ಬೇರೆ ಮಾತು ತೆಗೆದೆ. ಪಾಠಯೋಜನೆಯಲ್ಲಿ ನಿರೀಕ್ಷಿತ ಉತ್ತರ ಎಂಬ ಕಾಲಂ ಇರುತ್ತದೆ. ಅಲ್ಲಿ ಈ ಪ್ರಶ್ನೆಗೆ ಏನು ಬರೆಯಬೇಕಿತ್ತೆಂದು ಇಂದಿಗೂ ಯೋಚಿಸುತ್ತೇನೆ.

1974ರ ಆಗಸ್ಟ್ 24ರಂದು ಗಿರಿ ಅಧಿಕಾರ ಬಿಟ್ಟರು. ಪಕ್ಷ ಎರಡನೆಯ ಅವಧಿ ಕೊಡಲಿಲ್ಲ. ಒಂದು ವಾರದಲ್ಲಿ ದೆಹಲಿಗೆ ಉಪರಾಷ್ಟ್ರಪತಿಯಾಗಿ ಬಂದವರು ನಮ್ಮ ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ. 1969ರಲ್ಲಿ ಗಿರಿ ಇದ್ದಂತೆಯೇ 1977ರಲ್ಲಿ ಜತ್ತಿಯವರೂ ಹಂಗಾಮಿ ರಾಷ್ಟ್ರಪತಿಯಾದರು. ಆ ವರ್ಷ ನಡೆದ ಚುನಾವಣೆಯಲ್ಲಿ ಗಿರಿಯವರ ಎದುರು ಸೋತಿದ್ದ ಸಂಜೀವ ರೆಡ್ಡಿ ಅವಿರೋಧವಾಗಿ ಆರಿಸಿ ಬಂದರು.

ಗಿರಿಯವರಿಗೆ 1975ರಲ್ಲಿ ಭಾರತರತ್ನ ಸಿಕ್ಕಿತು. ಕೊನೆಯ ದಿನಗಳನ್ನು ಮದ್ರಾಸಿನಲ್ಲಿ ಕಳೆದರು. ನೋಯ್ಡಾದಲ್ಲಿರುವ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ 1995ರಲ್ಲಿ ಅವರ ಹೆಸರಿಟ್ಟರು. ಕಾರ್ಮಿಕ ಸಮಸ್ಯೆಗಳ ಬಗ್ಗೆ ಬರೆದ ಪುಸ್ತಕಗಳೂ ಒಂದು ಆತ್ಮಕಥೆಯೂ ಇವೆ. 1980ರ ಜೂನ್ 24ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಹಿಂದಿನ ದಿನವಷ್ಟೇ ದೆಹಲಿಯಲ್ಲಿ ಸಂಜಯ್ ಗಾಂಧಿ ವಿಮಾನ ಅಪಘಾತದಲ್ಲಿ ಸತ್ತಿದ್ದರು. ದೇಶದ ಗಮನವೆಲ್ಲ ಅತ್ತ ಇತ್ತು.